ಬಲಗಡೆ ಒಂಬತ್ತನೇ ಮನೆ

ನನ್ನ ಮೇಜಿನ ಮೇಲೆ ಅಂಚೆ ಕಾರ್ಡಿನಷ್ಟಗಲದ ಒಂದು ಫೋಟೋ ಇದೆ. ತೆಗೆದವನು ನಾನೇ. ನಾಲ್ಕು ವರ್ಷದಿಂದ ನನ್ನ ಬಳಿಯೇ ಇತ್ತು, ಹತ್ತಾರು ಸಲ ನೋಡಿದ್ದೆ. ಅದರಲ್ಲಿ ಏನಿದೆ ಎಂಬುದು ಕಣ್ಣಿಗೆ ಬಿದ್ದದ್ದು ಮೊನ್ನೆ ಮಂಗಳವಾರ. ಆಮೇಲೆ ಎರಡು ದಿನ ಕೆಲಸಕ್ಕೆ ಹೋಗಲಾಗಲಿಲ್ಲ. ಆ ಫೋಟೋದ ವಿಷಯ ಹೇಳಬೇಕಾದರೆ ಮೊದಲು ಮೇಷ್ಟ್ರ ವಿಷಯ ಹೇಳಬೇಕು. ಅವರು ತೀರಿಕೊಂಡು ಇನ್ನೂ ತಿಂಗಳಾಗಿಲ್ಲ.

ನಿಜಕ್ಕೂ ಅವರು ಮೇಷ್ಟ್ರಲ್ಲ. ದೇವನಹಳ್ಳಿ ತಾಲ್ಲೂಕಿನ ವಿಜಯಪುರದಲ್ಲಿ, ರೇಷ್ಮೆ ಹುಳುವಿನ ಮೊಟ್ಟೆ ತಯಾರಿಸುವ ಒಂದು ಸಣ್ಣ ಕೇಂದ್ರದ ಮೇಲ್ವಿಚಾರಕರು. ಅರವತ್ತರ ದಶಕದ ಮೊದಲಲ್ಲಿ ಒಂದು ವರ್ಷದ ತರಬೇತಿಗೆಂದು ಜಪಾನಿಗೆ ಹೋಗಿ ಬಂದಿದ್ದರು. ಬಂದ ಮೇಲೆ ಊರಿಗೆಲ್ಲ ಜಪಾನ್ ಮೇಷ್ಟ್ರು. ನಾನು ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಯಾವುದನ್ನೂ ನಂಬದಿರುವುದೇ ವಿದ್ಯೆ ಎಂದುಕೊಂಡು, ಅವರ ಕೈಕೆಳಗೆ ಕೆಲಸಕ್ಕೆ ಸೇರಿದ್ದು ಆ ದಶಕದ ಕೊನೆಗೆ.

ಮೊದಲ ದಿನವೇ ನನ್ನನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು. ಮೊಟ್ಟೆಯಿಟ್ಟ ಚಿಟ್ಟೆಯನ್ನು ಅರೆದು, ಗಾಜಿನ ಮೇಲೆ ಒಂದು ಹನಿ ಹಚ್ಚಿ, ತಾಯಿಯಿಂದ ಮರಿಗೆ ಅಂಟುವ ಗಂಟುರೋಗದ ಕಣಗಳಿವೆಯೇ ಎಂದು ನೋಡುವ ಕೆಲಸ. ಕಣ ಕಂಡರೆ ಆ ಚಿಟ್ಟೆಯ ಮೊಟ್ಟೆಗಳನ್ನೆಲ್ಲ ಸುಡಬೇಕು. ನಾನು ನೋಡಿ ರಿಜಿಸ್ಟರಿನಲ್ಲಿ ‘ಇಲ್ಲ’ ಎಂದು ಬರೆದೆ. ಮೇಷ್ಟ್ರು ಕೆಂಪು ಪೆನ್ಸಿಲಿನಿಂದ ಅದನ್ನು ಹೊಡೆದು ‘ಕಾಣಲಿಲ್ಲ’ ಎಂದು ಬರೆದರು.

“ಇಲ್ಲ ಅಂತ ಬರೆಯೋಕೆ ನೀನ್ಯಾರಯ್ಯಾ? ಕಾಣಲಿಲ್ಲ ಅಂತ ಬರಿ. ನಿನ್ನ ಕಣ್ಣಿಗೆ ಮಾತ್ರ ನೀನು ಜವಾಬ್ದಾರಿ.”

“ಎರಡೂ ಒಂದೇ ಅಲ್ವಾ ಸಾರ್?”

“ಒಂದೇ ಆಗಿದ್ರೆ ನಾವು ಪಾಸು ಮಾಡಿದ ಮೊಟ್ಟೇಲಿ ರೈತರ ಹುಳು ಯಾಕಯ್ಯಾ ಸಾಯ್ತವೆ?”

ಮುಂದಿನ ಸಾಲಿನಲ್ಲಿ ‘ಕಾಣಲಿಲ್ಲ’ ಎಂದು ಬರೆದೆ. ಆದರೂ ಸಣ್ಣ ಊರಿನ ನೌಕರನೊಬ್ಬ ಎಂ.ಎಸ್ಸಿ. ಮಾಡಿದವನಿಗೆ ಪಾಠ ಹೇಳಿದನಲ್ಲ ಎಂಬ ಉರಿ ಬಹಳ ದಿನ ಉಳಿಯಿತು. ಈ ಉರಿಯನ್ನು ಇಲ್ಲಿ ಹೇಳಿಬಿಡುವುದು ಒಳ್ಳೆಯದು. ಮುಂದಿನದಕ್ಕೆ ಅದೂ ಒಂದು ಕಾರಣವಿರಬಹುದು.

ಮೇಷ್ಟ್ರು ಗಿಡ್ಡ ಆಳು, ಬಿಳಿ ಪಂಚೆ, ಜೇಬಿನಲ್ಲಿ ಯಾವಾಗಲೂ ಮೊಟ್ಟೆ ನೋಡುವ ಒಂದು ಭೂತಗನ್ನಡಿ. ಹುಳು ಸಾಕುವ ಕೋಣೆಯಲ್ಲಿ ಯಾರಾದರೂ ಜೋರಾಗಿ ಮಾತಾಡಿದರೆ ಬೆರಳು ತುಟಿಗೆ ಇಡುತ್ತಿದ್ದರು, ತೊಟ್ಟಿಲ ಮುಂದೆ ಗದರಿಸುವ ಹಾಗೆ. ಬೆಳಗ್ಗೆ ತಾವೇ ಪೊರಕೆ ಹಿಡಿದು ಮನೆ ಮುಂದೆ ಗುಡಿಸುತ್ತಿದ್ದರು. ಗಂಡಸು ಬೀದಿ ಗುಡಿಸುವುದೇ ಆ ಕೇರಿಗೆ ಹೊಸದು. ಅದರ ಮೇಲೆ ಎಡಕ್ಕೊಂದು ಮೊಳ, ಬಲಕ್ಕೊಂದು ಮೊಳ ಪಕ್ಕದ ಮನೆಯವರ ಜಾಗವನ್ನೂ ಸೇರಿಸಿ ಗುಡಿಸುತ್ತಿದ್ದರು. ಜಪಾನಿನಲ್ಲಿ ಅವರಿದ್ದ ಬೀದಿಯಲ್ಲಿ ಹಾಗಂತೆ. ಒಂದು ಮೊಳಕ್ಕಿಂತ ಕಡಿಮೆಯಾದರೆ ಜಿಪುಣತನ, ಹೆಚ್ಚಾದರೆ ಪಕ್ಕದವರಿಗೆ ಅವಮಾನ.

ಪಕ್ಕದ ಮನೆ ರೇಷ್ಮೆ ನೂಲು ಬಿಚ್ಚಿಸುವ ಸಾಹೇಬರದು. ಅವರು ಬಾಗಿಲಲ್ಲಿ ಟೀ ಕುಡಿಯುತ್ತ ನಿಂತು ರೇಗಿಸುತ್ತಿದ್ದರು.

“ಏನ್ ಮೇಷ್ಟ್ರೇ, ಇವತ್ತೊಂದು ಮೊಳ, ನಾಳೆ ಇನ್ನೊಂದು ಮೊಳ, ಹಿಂಗೇ ಗುಡಿಸ್ತಾ ಗುಡಿಸ್ತಾ ನಮ್ ಮನೇನೂ ನಿಮ್ದೇ ಮಾಡ್ಕೊಂಬಿಡ್ತೀರಾ ಹೆಂಗೆ?”

“ನಿಮ್ಮನೆ ಯಾಕೆ ಸಾಹೇಬ್ರೇ, ಹುಳ ಬೇಯೋ ವಾಸನೆ. ಪುಕ್ಕಟೆ ಕೊಟ್ರೂ ಬೇಡ.”

“ಆ ವಾಸ್ನೇನೇ ನಮ್ಗೆ ಅನ್ನ ಮೇಷ್ಟ್ರೇ.”

“ನಮಗೂ ಅದೇ ಅಲ್ವಾ!” ಎಂದು ಇಬ್ಬರೂ ನಗುತ್ತಿದ್ದರು.

ಮೇಷ್ಟ್ರ ಹಿತ್ತಲಲ್ಲಿ ಒಂದು ನುಗ್ಗೆಮರ ವಾಲಿತ್ತು. ಬೇರೆಯವರಾಗಿದ್ದರೆ ಕಡಿದು ಹೊಸದು ನೆಡುತ್ತಿದ್ದರು. ಮೇಷ್ಟ್ರು ಕವೆಯಿದ್ದ ಒಂದು ತೊಲೆ ತಂದು ಕೊಂಬೆಗೆ ಆನಿಸಿ, ಒತ್ತುವ ಕಡೆ ಗೋಣಿತಾಟು ಸುತ್ತಿದ್ದರು. “ಅಲ್ಲಿ ಹಂಗೇ ಕಣಯ್ಯಾ, ಮರಕ್ಕೆ ವಯಸ್ಸಾದ್ರೆ ಊರುಗೋಲು ಕೊಡ್ತಾರೆ.”

ಇನ್ನೊಂದು ಅಭ್ಯಾಸ. ಯಾವ ಗುಡಿಗೆ ಹೋದರೂ ದೇವರಿಗೆ ಬೆನ್ನು ತಿರುಗಿಸುತ್ತಿರಲಿಲ್ಲ. ಕೈಮುಗಿದುಕೊಂಡೇ ಹಿಂದು ಹಿಂದಕ್ಕೆ ಹೆಜ್ಜೆಯಿಟ್ಟು ಹೊರಗೆ ಬರುವುದು. ಇದನ್ನು ಜಪಾನಿನಲ್ಲಿ ಕಲಿತದ್ದಲ್ಲ, ಆವತಿಯ ಹತ್ತಿರದ ತಮ್ಮ ಹಳ್ಳಿಯಲ್ಲಿ ಅಜ್ಜಿಯಿಂದ ಕಲಿತದ್ದು. ಎಲ್ಲರೂ ಎರಡು ಮೂರು ಹೆಜ್ಜೆ ಹೀಗೆ ಬಂದು ತಿರುಗುತ್ತಾರೆ. ಇವರು ಬೀದಿಗೆ ಇಳಿಯುವ ತನಕ ತಿರುಗುತ್ತಿರಲಿಲ್ಲ. ಒಮ್ಮೆ ಆಂಜನೇಯನ ಗುಡಿಯಲ್ಲಿ ಹೀಗೆ ಬರುತ್ತ ನನ್ನ ಕಾಲು ತುಳಿದರು.

“ಹಿಂದೆ ಏನಿದೆ ನೋಡಬಾರದಾ ಸಾರ್?”

“ಮುಂದೆ ದೇವರಿರುವಾಗ ಹಿಂದೆ ಏನಿದ್ರೇನಯ್ಯಾ?”

ನಾನು ಇದನ್ನು ಬೆಂಗಳೂರಿನ ಗೆಳೆಯರಿಗೆ ಅಭಿನಯಿಸಿ ತೋರಿಸಿ ನಗಿಸಿದ್ದೆ.

ಇನ್ನು ಜಪಾನಿನ ಆ ಬೀದಿ. ಬೆಟ್ಟದ ಬುಡದ ಒಂದು ಸಣ್ಣ ರೇಷ್ಮೆ ಊರು. ಅಲ್ಲೊಂದು ಶಿಂಟೋ ಗುಡಿ, ಕೆಂಪು ಮರದ ಹೆಬ್ಬಾಗಿಲು, ಎರಡು ಕಡೆಗೂ ಕಲ್ಲಿನ ನರಿಗಳು. ಗುಡಿಯಿಂದ ನೇರ ಇಳಿಯುವ ಬೀದಿಯಲ್ಲಿ ಮೇಷ್ಟ್ರು ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದರು. ಅವರಿಗೆ ಒಂದು ಗೆರೆ ಎಳೆಯಲು ಬರುತ್ತಿರಲಿಲ್ಲ. ಆದ್ದರಿಂದ ಆ ಬೀದಿಯನ್ನು ಬಾಯಲ್ಲೇ ಹೇಳುತ್ತಿದ್ದರು, ಮಗ್ಗಿ ಒಪ್ಪಿಸುವ ಧಾಟಿಯಲ್ಲಿ. “ಗುಡಿ ಬಾಗಿಲಿಂದ ಹೊರಟು, ಎಡಗಡೆ ಉದ್ದಕ್ಕೂ ಒಂದೇ ಗೋಡೆ. ಸೋಯಾ ಅವರೆ ಹುಳಿ ಹಿಡಿಸಿ ಸಾರು ಇಳಿಸೋ ಕಾರ್ಖಾನೇದು. ಬಲಗಡೆ ಒಂದು, ಮೇಣದಬತ್ತಿ ಅಂಗಡಿ. ಎರಡು, ಚಾಪೆ ಹೆಣೆಯೋನು. ಮೂರು, ಕೊಡೆ ರಿಪೇರಿ…” ಹೀಗೆ ಒಂಬತ್ತರವರೆಗೆ. “ಒಂಬತ್ತು, ಇನ್ನೂರ ನಲವತ್ತು ಹೆಜ್ಜೆಗೆ, ನಮ್ಮಮ್ಮನ ಮನೆ. ಮುಂದೆ ಟೊಮ್ಯಾಟೊದಂಥ ಹಣ್ಣಿನ ಹಳೇ ಮರ, ಊರುಗೋಲಿನ ಮೇಲೆ ನಿಂತಿರ್ತದೆ.”

ಅಮ್ಮ ಎಂದರೆ ಮನೆಯೊಡತಿ, ಒಬ್ಬಂಟಿ ವಿಧವೆ. ಅವರ ಭಾಷೆಯಲ್ಲಿ ಅಮ್ಮ ಎಂಬುದಕ್ಕೆ ಏನೆನ್ನುತ್ತಾರೋ ಅದನ್ನೇ ಮೇಷ್ಟ್ರು ಕರೆಯುತ್ತಿದ್ದರು. ಆಕೆಯ ಹೆಸರು ಅವರಿಗೆ ಕೊನೆವರೆಗೂ ಗೊತ್ತಾಗಲಿಲ್ಲ. “ಹಿರಿಯರ ಹೆಸರು ಬಾಯಿಬಿಟ್ಟು ಕೇಳೋದುಂಟೇನಯ್ಯಾ?” ಎಂಬುದು ಅವರ ವಾದ. ಮೇಷ್ಟ್ರು ಅಲ್ಲಿ ಚಳಿಗಾಲಕ್ಕೆ ಮೊದಲು ಜ್ವರ ಬಂದು ಮಲಗಿದಾಗ ಆಕೆ ಹದಿನೈದು ದಿನ ಗಂಜಿ ಕುಡಿಸಿದ್ದರು, ಮೀನಿನ ಪಾತ್ರೆ ಮುಟ್ಟಿಸದೆ ಬೇರೆ ಮಡಕೆಯಲ್ಲಿ ಮಾಡಿ. ಎದ್ದ ಮೇಲೆ ತೀರಿಹೋದ ಗಂಡನ ಕಪ್ಪು ಉಣ್ಣೆ ಕೋಟನ್ನು ಬಾಗಿಲ ಪಕ್ಕದ ಗೂಟದಿಂದ ತೆಗೆದು ಇವರಿಗೆ ತೊಡಿಸಿದರು. ಹೊರಡುವ ದಿನ ಇವರು ವಾಪಸು ಕೊಡಹೋದರೆ ಆಕೆ ಒಪ್ಪಲಿಲ್ಲ. ಹಡಗು ಹತ್ತುವವರೆಗೂ ಚಳಿಯಲ್ಲವೇ. ಕೋಟನ್ನು ಮುಟ್ಟಿ, ದಾರಿಯ ಕಡೆ ಕೈ ತೋರಿಸಿ, ಆಮೇಲೆ ಖಾಲಿ ಗೂಟವನ್ನು ಮುಟ್ಟಿದರಂತೆ.

“ಏನರ್ಥ ಅಂದ್ಕೊಂಡೆ? ತಿರುಗಿ ಬಂದಾಗ ತಾ, ಅಲ್ಲೀವರೆಗೂ ಇಲ್ಲಿ ಬೇರೆ ಏನೂ ನೇತುಹಾಕಲ್ಲ ಅಂತ.”

“ನಿಮಗೆ ಹೇಗೆ ಗೊತ್ತು ಸಾರ್? ಅವರೇನೋ ಸನ್ನೆ ಮಾಡಿದರು, ನೀವೇನೋ ತಿಳ್ಕೊಂಡಿರಿ.”

“ನಿನಗೆ ಅಮ್ಮ ಇದ್ದಾರೇನಯ್ಯಾ?” ಎಂದರು.

ಆ ಕೋಟು ಅವರ ನಡುಮನೆಯ ಗೂಟದಲ್ಲಿತ್ತು, ಬೇವಿನೆಲೆಯ ಪೊಟ್ಟಣಗಳ ಸಮೇತ. ತಿಂಗಳಿಗೊಮ್ಮೆ ಬಿಸಿಲಿಗೆ ಹಾಕುತ್ತಿದ್ದರು. ನಮ್ಮೂರ ಚಳಿಗೆ ಒಂದು ಸಲವೂ ಹಾಕಿಕೊಳ್ಳಲಿಲ್ಲ. “ಎರವಲು ತಂದದ್ದು ಕಣಯ್ಯಾ” ಎನ್ನುತ್ತಿದ್ದರು. ಹೆಸರೂ ವಿಳಾಸವೂ ಗೊತ್ತಿಲ್ಲದ್ದರಿಂದ ತರಬೇತಿ ಕೇಂದ್ರದ ಮೂಲಕ ಆಕೆಗೆ ಬರೆದ ಎರಡು ಕಾಗದಕ್ಕೂ ಉತ್ತರ ಬಂದಿರಲಿಲ್ಲ. ಇವರ ಇಂಗ್ಲಿಷ್ ಆಕೆಗೆ ಓದಲು ಬಾರದು.

ಎಪ್ಪತ್ತರ ದಶಕದ ನಡುವೆ ಜಪಾನಿನಲ್ಲಿ ಆರು ತಿಂಗಳ ತರಬೇತಿಗೆ ನನ್ನ ಹೆಸರು ಬಂತು. ಸುದ್ದಿ ಕೇಳಿದ ದಿನ ಮೇಷ್ಟ್ರು ಮನೆಗೆ ಕರೆದು ಕೋಟನ್ನು ಮಡಿಸಿ, ಒಗೆದ ಪಂಚೆಯಲ್ಲಿ ಸುತ್ತಿ, ಎರಡೂ ಕೈಯಲ್ಲಿ ಕೊಟ್ಟರು.

“ನನಗಿನ್ನು ಹೋಗೋಕಾಗಲ್ಲ. ನೀನು ಹೋಗಿ ಆ ಗೂಟಕ್ಕೆ ಹಾಕ್ಬಿಟ್ಟು ಬಾ. ಬೇರೇನೂ ತರಬೇಡ. ಬರ್ಕೋ, ಗುಡಿ ಬಾಗಿಲಿಂದ ಹೊರಟು…”

ನಾನು ಟಿಪ್ಪಣಿ ಪುಸ್ತಕದಲ್ಲಿ ಒಂದೊಂದೇ ಬರೆದುಕೊಂಡೆ. ಬಲಗಡೆ ಒಂದು, ಬಲಗಡೆ ಎರಡು. ಒಂಬತ್ತರ ಕೆಳಗೆ ಎರಡು ಗೆರೆ ಎಳೆದೆ.

ಜಪಾನಿಗೆ ಹೋದ ಮೇಲೆ ಒಂದು ಭಾನುವಾರ ರೈಲು ಹಿಡಿದು ಆ ಊರಿಗೆ ಹೋದೆ. ಗುಡಿ ಸಿಕ್ಕಿತು. ಕೆಂಪು ಹೆಬ್ಬಾಗಿಲು, ಕಲ್ಲಿನ ನರಿಗಳು, ಎಲ್ಲ ಅವರು ಹೇಳಿದಂತೆಯೇ. ಒಂದು ನರಿಯ ಮೂತಿ ಮುಕ್ಕಾಗಿತ್ತು. ಮೇಷ್ಟ್ರು ಅದನ್ನೂ ಹೇಳಿದ್ದರೇ, ಅಥವಾ ನಾನು ನೋಡಿದ ಮೇಲೆ ಅವರು ಹೇಳಿದ್ದರು ಅನ್ನಿಸಿತೇ, ಈಗ ಖಚಿತವಿಲ್ಲ. ಬೀದಿಯ ಕಡೆ ತಿರುಗಿ, ಪುಸ್ತಕ ತೆರೆದು ಬಲಗಡೆ ನೋಡಿದೆ.

ಮೇಣದಬತ್ತಿ ಅಂಗಡಿ ಇರಬೇಕಾದ ಕಡೆ ಪೆಟ್ರೋಲ್ ಬಂಕ್. ಚಾಪೆ ಹೆಣೆಯುವವನ ಜಾಗದಲ್ಲಿ, ಕೊಡೆ ರಿಪೇರಿಯವನ ಜಾಗದಲ್ಲಿ ಕಾರು ನಿಲ್ಲಿಸುವ ಬಯಲು, ಡಾಂಬರಿನ ಮೇಲೆ ಬಿಳಿ ಗೆರೆ. ಆಮೇಲೆ ಸಿಮೆಂಟಿನ ನಾಲ್ಕಂತಸ್ತು. ಒಂದು ಮರವಿಲ್ಲ, ಒಂದು ಹೆಂಚಿಲ್ಲ. ಹನ್ನೆರಡು ವರ್ಷದಲ್ಲಿ ಒಂದು ಬೀದಿ ಹೀಗೆ ಅಳಿಸಿಹೋಗುತ್ತದೆಯೇ? ಎಡಗಡೆಯೂ ಗೋಡೆಯಿಲ್ಲ. ಅಲ್ಲಿ ತಗಡು ಹೊಡೆದ, ಅಲ್ಯೂಮಿನಿಯಂ ಬಾಗಿಲಿನ, ಬಣ್ಣಬಣ್ಣದ ಬೋರ್ಡುಗಳ ಸಣ್ಣ ಅಂಗಡಿಗಳ ಸಾಲು. ಕಾರ್ಖಾನೆ ಕೆಡವಿ ಕಟ್ಟಿದ್ದಾರೆ ಎಂದುಕೊಂಡೆ. ಆ ತಗಡುಗಳ ಮೇಲೆ ಹಳೆಯ ಹೆಂಚಿನ ಸೂರು ಇತ್ತೇ? ಇತ್ತು ಎಂದು ಈಗ ಅನ್ನಿಸುತ್ತದೆ. ಆದರೆ ಈಗ ಅನ್ನಿಸುವುದಕ್ಕೆ ಏನು ಬೆಲೆ? ಅಂದು ನನ್ನ ಪುಸ್ತಕದಲ್ಲಿ ಎಡಗಡೆಗೆ ಮನೆಯೇ ಇರಲಿಲ್ಲ.

ಇನ್ನೂರ ನಲವತ್ತು ಹೆಜ್ಜೆ ಎಣಿಸಿದೆ. ಬಲಕ್ಕೆ ಒಂದು ಬ್ಯಾಂಕು. ರಜೆ, ಮುಚ್ಚಿತ್ತು. ಮುಂಭಾಗವೆಲ್ಲ ಒಂದೇ ಗಾಜು. ದಾರಿಯಲ್ಲಿ ಹೋಗುತ್ತಿದ್ದ ಒಬ್ಬ ಯುವಕನನ್ನು ನಿಲ್ಲಿಸಿ, ಮೇಷ್ಟ್ರು ಕಲಿಸಿದ್ದ ಅಮ್ಮ ಎಂಬ ಆ ಒಂದೇ ಶಬ್ದವನ್ನು ಹೇಳಿ, ಎಲ್ಲಿ ಎಂದು ಕೈಯಾಡಿಸಿದೆ. ಪರದೇಶದ ಗಂಡಸೊಬ್ಬ ನಡುಬೀದಿಯಲ್ಲಿ ನಿಂತು ಅಮ್ಮ ಎಲ್ಲಿ ಎಂದು ಕೇಳಿದರೆ ಯಾರು ತಾನೆ ಏನು ಹೇಳಿಯಾರು? ಅವನು ಗಾಬರಿಯಾಗಿ ಮೂರು ಸಲ ಬಗ್ಗಿ ನಮಸ್ಕರಿಸಿ ಹೊರಟುಹೋದ.

ಮೇಷ್ಟ್ರಿಗೆ ಪುರಾವೆ ಬೇಕಲ್ಲ. ಬ್ಯಾಂಕಿನ ಫೋಟೋ ತೆಗೆಯಲು ರಸ್ತೆ ದಾಟಿ, ಕಟ್ಟಡ ಪೂರ್ತಿ ಬರಲೆಂದು ಹಿಂದು ಹಿಂದಕ್ಕೆ ಹೆಜ್ಜೆಯಿಟ್ಟೆ. ಬೆನ್ನಿಗೆ ಒಂದು ಕಂಬ ತಾಗಿತು. ಕೈ ಅಲುಗದಿರಲೆಂದು ಅದಕ್ಕೇ ಒರಗಿಕೊಂಡು ಗುಂಡಿ ಒತ್ತಿದೆ. ಕೋಟಿದ್ದ ಚೀಲ ಹೆಗಲಲ್ಲಿತ್ತು. ಆಮೇಲೆ ಪುಸ್ತಕದಲ್ಲಿ ಒಂಬತ್ತರ ಮುಂದೆ ‘ಇಲ್ಲ’ ಎಂದು ಬರೆದು ರೈಲಿಗೆ ಹೋದೆ.

ಇಲ್ಲೊಂದು ಮಾತು. ಅಂದು ರೈಲಿನಲ್ಲಿ ನನಗೆ ಬೇಜಾರಾಗಿತ್ತು, ನಿಜ. ಅದರ ಜೊತೆಗೆ ಒಳಗೆ ಎಲ್ಲೋ ಒಂದು ಸಣ್ಣ ಸಂತೋಷವೂ ಇತ್ತು. ಮೇಷ್ಟ್ರ ಬೀದಿಯಲ್ಲಿ ಅರ್ಧ ಅವರ ಬಾಯಿಂದಲೇ ಹುಟ್ಟಿದ್ದಿರಬೇಕು ಎಂದು ನನಗೆ ಮೊದಲಿನಿಂದ ಗುಮಾನಿ.

ಊರಿಗೆ ಬಂದ ಮರುದಿನ ಕೋಟಿನ ಗಂಟು ಹಿಡಿದು ಅವರ ಮನೆಗೆ ಹೋದೆ. ಗಂಟು ನೋಡಿದ ಕೂಡಲೆ ಅವರ ಮುಖ ಬಿಳಿಚಿತು.

“ಯಾಕಯ್ಯಾ, ವಾಪಸು ತಂದೆ?”

“ಆ ಬೀದಿ ಇಲ್ಲ ಸಾರ್. ಬಂಕು, ಬ್ಯಾಂಕು, ಕಾರು. ಮನೆ ಇಲ್ಲ.”

ಗಂಟನ್ನು ಈಸಿಕೊಂಡು ತೊಡೆಯ ಮೇಲಿಟ್ಟುಕೊಂಡರು. ಆಮೇಲೆ ಕೇಳಿದರು, “ಇಲ್ಲ ಅಂತೀಯೋ, ಕಾಣಲಿಲ್ಲ ಅಂತೀಯೋ?”

ಆ ಪ್ರಶ್ನೆಯ ತೂಕ ನನಗೆ ಗೊತ್ತಿತ್ತು. ಗೊತ್ತಿದ್ದೂ ಹೇಳಿದೆ. “ಇಲ್ಲ ಸಾರ್. ಹೆಜ್ಜೆ ಎಣಿಸಿದ್ದೀನಿ. ಫೋಟೋ ಇದೆ, ನೋಡಿ.”

“ಇಲ್ಲದ್ದನ್ನ ಏನಯ್ಯಾ ನೋಡೋದು?” ಎಂದು ಲಕೋಟೆಯನ್ನು ನನ್ನ ಕಡೆಗೇ ತಳ್ಳಿದರು. ಒಂದು ಚಿಟ್ಟೆಯನ್ನು ಎರಡು ಸಲ ನೋಡದೆ ಪಾಸು ಮಾಡದ ಮನುಷ್ಯ, ನನ್ನ ಕಣ್ಣನ್ನು ನಂಬಿಬಿಟ್ಟರು. ತಾವೇ ತಿದ್ದಿದ ಕಣ್ಣು ಎಂದಿರಬೇಕು. “ಆಯಮ್ಮ ಮನೆ ಬಿಟ್ಟು ಹೋಗೋರಲ್ಲ. ಮನೆ ಇಲ್ಲ ಅಂದ್ರೆ ಅವರೂ ಇಲ್ಲ.”

ಎದ್ದು ಬಚ್ಚಲಿಗೆ ಹೋದರು. ದೂರದಲ್ಲಿ ಹತ್ತಿರದವರು ಸತ್ತ ಸುದ್ದಿ ಬಂದಾಗ ಮಾಡುವಂತೆ, ಉಟ್ಟ ಬಟ್ಟೆಯಲ್ಲೇ ತಲೆಯ ಮೇಲೆ ತಣ್ಣೀರು ಸುರಿದುಕೊಳ್ಳುವ ಸದ್ದು ನಡುಮನೆಗೆ ಕೇಳಿಸಿತು. ಒಂದು ತಂಬಿಗೆ, ಇನ್ನೊಂದು. ಅವರ ಹೆಂಡತಿ ಅಡುಗೆಮನೆಯ ಬಾಗಿಲಿಗೆ ಬಂದು ನನ್ನನ್ನೇ ನೋಡುತ್ತ ನಿಂತಿದ್ದರು. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದೆ.

ಆಮೇಲೆ ಅವರು ಆ ಬೀದಿಯನ್ನು ಯಾರಿಗೂ ಹೇಳಲಿಲ್ಲ. ಮನೆ ಮುಂದೆ ಗುಡಿಸುತ್ತಿದ್ದರು, ತಮ್ಮ ಜಾಗವಷ್ಟನ್ನೇ. ಒಂದು ದಿನ ಸಾಹೇಬರು ನನ್ನನ್ನು ರಸ್ತೆಯಲ್ಲಿ ತಡೆದರು.

“ಮೇಷ್ಟ್ರಿಗೆ ನಮ್ ಮೇಲೆ ಕೋಪ ಏನ್ರೀ? ನಮ್ದು ಒಂದು ಮೊಳ ಬಿಟ್ಬಿಟ್ಟವ್ರೆ. ನಾನ್ ತಮಾಷೆಗೆ ಅಂದಿದ್ದು, ಖುದಾ ಕಸಮ್.”

ನಿಮ್ಮ ಮೇಲಲ್ಲ ಎಂದೆ. ಯಾರ ಮೇಲೆ ಎಂದು ಅವರು ಕೇಳಲಿಲ್ಲ.

ಮೇಷ್ಟ್ರು ಹೋದ ತಿಂಗಳು ಮಲಗಿದಲ್ಲೇ ತೀರಿಕೊಂಡರು. ಮೊನ್ನೆ ಮಂಗಳವಾರ ಅವರ ಹೆಂಡತಿ ನನ್ನನ್ನು ಕರೆಸಿದರು. ಕೇಂದ್ರದ ಕಾಗದಪತ್ರ ಒಂದಷ್ಟು ಮನೆಯಲ್ಲಿತ್ತು, ಒಪ್ಪಿಸಬೇಕಿತ್ತು.

“ದೇವರಕೋಣೆಯಿಂದ ಬಂದ್ರೆ ಬಲಗಡೆ ಎರಡನೇ ಗೂಡಲ್ಲಿದೆ ಅಂತ ಚೀಟೀಲಿ ಬರೆದಿಟ್ಟಿದ್ದಾರೆ, ತಗೋಪ್ಪಾ” ಎಂದರು.

ನಾನು ದೇವರಕೋಣೆಯ ಹೊಸಿಲಲ್ಲಿ ನಿಂತು ನಡುಮನೆಯ ಕಡೆ ತಿರುಗಿ ಬಲಕ್ಕೆ ಹೋದೆ. ಅಲ್ಲಿ ಗೂಡೇ ಇಲ್ಲ, ಬರೀ ಗೋಡೆ.

“ಅಯ್ಯೋ, ಆ ಬಲ ಅಲ್ಲಪ್ಪಾ” ಎಂದು ಆಕೆ ಸಣ್ಣಗೆ ನಕ್ಕರು. ತಿಂಗಳಿನಲ್ಲಿ ಅದೇ ಮೊದಲ ನಗೆಯೋ ಏನೋ. “ಅವರು ದೇವರಿಗೆ ಬೆನ್ನು ಹಾಕಿದ್ದುಂಟಾ? ಅವರ ಬಲ, ಎಡ ಎಲ್ಲಾ ದೇವರ ಕಡೆ ಮುಖ ಮಾಡ್ಕೊಂಡೇ. ಹಿಂದಕ್ಕೆ ನಡೀತಾ ಹೇಳಿದ ಲೆಕ್ಕ ಅದು. ಮದುವೆಯಾದ ಹೊಸದರಲ್ಲಿ ನಾನೂ ಎಷ್ಟು ಸಲ ಬರೀ ಗೋಡೆ ತಡಕಿದ್ದೀನೋ. ನೀನು ಈ ಕಡೆ ಬಾ.”

ಕಾಗದಗಳು ಎಡಗಡೆಯ ಗೂಡಿನಲ್ಲಿದ್ದವು. ಅವುಗಳ ಮೇಲೆ ಮೇಷ್ಟ್ರ ಭೂತಗನ್ನಡಿ. ನಾನು ಅದನ್ನು ಕೈಯಲ್ಲಿ ಹಿಡಿದು ಅಲ್ಲೇ ಕುಳಿತುಬಿಟ್ಟೆ. ಗೋಡೆ. ಉದ್ದಕ್ಕೂ ಒಂದೇ ಗೋಡೆ. ಗುಡಿಗೆ ಬೆನ್ನು ಹಾಕಿ ನಾನು ನೋಡಿದ ಬಲಗಡೆಯಲ್ಲಿ ಕೆಡವಿದ್ದು ಕಾರ್ಖಾನೆಯ ಗೋಡೆ.

“ಏನಾಯ್ತಪ್ಪಾ?” ಎಂದದ್ದು ಕೇಳಿಸಿತು. ಏನು ಹೇಳಿದೆನೋ, ಭೂತಗನ್ನಡಿಯನ್ನು ಜೇಬಿಗೆ ಹಾಕಿಕೊಂಡು ಮನೆಗೆ ಬಂದೆ.

ಫೋಟೋ ತೆಗೆದು ಮೇಜಿನ ಮೇಲಿಟ್ಟು ಆ ಭೂತಗನ್ನಡಿಯಲ್ಲಿ ನೋಡಿದೆ. ಬ್ಯಾಂಕು. ಬ್ಯಾಂಕಿನ ಗಾಜು. ಗಾಜಿನೊಳಗೆ ಮಸುಕಾಗಿ ಒಬ್ಬ ಮನುಷ್ಯ, ಮುಖಕ್ಕೆ ಕ್ಯಾಮೆರಾ, ಹೆಗಲಿಗೆ ಚೀಲ. ಅವನ ಬೆನ್ನ ಹಿಂದೆ ನೇರವಲ್ಲದ ಒಂದು ಕಂಬ. ಕಂಬದ ತುದಿಯಲ್ಲಿ ಏನೋ ಸುತ್ತಿದೆ. ಅದರ ಮೇಲೆ ವಾಲಿದ ಒಂದು ಮರ. ಮರದ ಹಿಂದೆ ಹೆಂಚಿನ ಸೂರು, ಅರ್ಧ ತೆರೆದ ಬಾಗಿಲು.

ನಾನು ಒರಗಿಕೊಂಡಿದ್ದು ಊರುಗೋಲಿಗೆ.

ಬಾಗಿಲಲ್ಲಿ ಬೆಳ್ಳಗೆ ಏನೋ ಇದೆ. ಯಾರೋ ನಿಂತಿರಬಹುದು. ನೇತುಹಾಕಿದ ಬಟ್ಟೆಯಿರಬಹುದು. ಫೋಟೋ ತೊಳೆಯುವಾಗ ಆದ ಕಲೆಯಿರಬಹುದು. ಆಕೆ ಅಂದು ಬದುಕಿದ್ದರೇ? ಗೊತ್ತಿಲ್ಲ. ಗೊತ್ತಿರುವುದು ಇಷ್ಟೇ: ಗೂಟಕ್ಕೂ ಕೋಟಿಗೂ ನಡುವೆ ಎಂಟು ಹತ್ತು ಹೆಜ್ಜೆಯಿತ್ತು, ನಾನು ಅತ್ತ ತಿರುಗಲಿಲ್ಲ.

ನಿನ್ನೆ ಸಂಜೆ ಧೈರ್ಯ ಮಾಡಿ ಹೋಗಿ ಮೇಷ್ಟ್ರ ಹೆಂಡತಿಗೆ ಎಲ್ಲ ಹೇಳಿದೆ. ಭೂತಗನ್ನಡಿ ಕೊಟ್ಟು ಫೋಟೋ ತೋರಿಸಿದೆ. ಆಕೆ ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಬೈಯುತ್ತಾರೆ ಎಂದು ಕಾದೆ.

“ಅವತ್ತು ನೀನು ಹೋದ ಮೇಲೆ ನಾನೂ ತಲೆಗೆ ನೀರು ಹಾಕ್ಕೊಂಡೆ ಕಣಪ್ಪಾ” ಎಂದರು. “ಅತ್ತೆ ಹೋದ್ರು ಅಂತ.”

ಆಕೆ ಎದ್ದು ಗೂಟದಿಂದ ಕೋಟನ್ನು ಇಳಿಸಿ, ಜೇಬಿನಲ್ಲಿದ್ದ ಒಣಗಿದ ಬೇವಿನೆಲೆಗಳನ್ನು ಅಂಗೈಗೆ ಸುರಿದುಕೊಂಡು ಹೊರಗೆ ಚೆಲ್ಲಿ ಬಂದರು. ಆಮೇಲೆ ನನ್ನ ಎದುರು ಕುಳಿತರು.

“ನಿಮ್ಮ ಆಫೀಸಿಂದ ಇನ್ಯಾರಾದ್ರೂ ಆ ದೇಶಕ್ಕೆ ಹೋಗೋರಿದ್ದಾರಾ?”

“ಒಬ್ಬ ಇದ್ದಾನೆ. ಬರೋ ವರ್ಷ.”

“ಬೀದಿ ಬರ್ಕೊಂಡಿದ್ದ ಆ ಪುಸ್ತಕ ತಂದಿದ್ದೀಯಾ?”

ತಂದಿದ್ದೆ. ಹನ್ನೆರಡು ವರ್ಷ ಅಡುಗೆಮನೆಯಿಂದಲೇ ಕೇಳಿಸಿಕೊಂಡ ಬೀದಿಯನ್ನು ಆಕೆ ಗಂಡನ ಧಾಟಿಯಲ್ಲೇ, ಒಂದು ಮನೆಯೂ ತಪ್ಪದೆ ಹೇಳಲು ಶುರುಮಾಡಿದರು.

“ಬರ್ಕೋ. ಗುಡಿ ಬಾಗಿಲಿಂದ ಹೊರಟು, ಒಂದು, ಮೇಣದಬತ್ತಿ ಅಂಗಡಿ. ಈ ಸಲ ಎಡಗಡೆ ಅಂತ ಬರಿ.”